ಹೊರಟವರ ಲೆಕ್ಕ ಇಡದ ಬ್ರಿಟನ್: 'ಒಂದು ಲಕ್ಷ ವಿದ್ಯಾರ್ಥಿಗಳು' ಕಾಣೆಯಾದ ಪ್ರಕರಣ

ದೇವನಹಳ್ಳಿಯಿಂದ ವಿದೇಶಕ್ಕೆ ಹೊರಟರೆ ಇಮಿಗ್ರೇಷನ್ ಕೌಂಟರಿನ ಮುಂದೆ ನಿಲ್ಲಲೇಬೇಕು. ಅಧಿಕಾರಿ ಪಾಸ್‌ಪೋರ್ಟ್ ನೋಡುತ್ತಾರೆ, ವೀಸಾ ನೋಡುತ್ತಾರೆ, ಎಲ್ಲಿಗೆ, ಯಾಕೆ ಅಂತ ಒಂದೆರಡು ಮಾತು ಕೇಳುತ್ತಾರೆ. ಆಮೇಲೆ ದಿನಾಂಕದ ಸೀಲ್ ಬೀಳುತ್ತದೆ. 2025ರ ಜನವರಿಯಿಂದ ಬೆಂಗಳೂರಿನಲ್ಲಿ ಮೊದಲೇ ನೋಂದಾಯಿಸಿಕೊಂಡವರಿಗೆ ಇ-ಗೇಟ್ ಸೌಲಭ್ಯವೂ ಬಂದಿದೆ. ಯಾವ ದಾರಿಯಲ್ಲಿ ಹೋದರೂ, ಯಾರು ಯಾವತ್ತು ದೇಶ ಬಿಟ್ಟರು ಎಂಬುದನ್ನು ಸರ್ಕಾರವೇ ನೇರವಾಗಿ ದಾಖಲಿಸುತ್ತದೆ.

ಅದೇ ಹುಡುಗ ಅಥವಾ ಹುಡುಗಿ ಓದು ಮುಗಿಸಿ ಲಂಡನ್ನಿನ ಹೀಥ್ರೂದಿಂದ ವಾಪಸ್ ಹೊರಟಾಗ ಅಂಥ ಕೌಂಟರೇ ಸಿಗುವುದಿಲ್ಲ. ಬ್ಯಾಗ್ ಕೊಟ್ಟು, ಸೆಕ್ಯೂರಿಟಿ ಮುಗಿಸಿ, ಗೇಟಿಗೆ ಹೋಗಿ ವಿಮಾನ ಹತ್ತಿದರೆ ಆಯಿತು. ಪಾಸ್‌ಪೋರ್ಟಿನಲ್ಲಿ ಬ್ರಿಟನ್ ಬಿಟ್ಟಿದ್ದಕ್ಕೆ ಗುರುತೇ ಇರುವುದಿಲ್ಲ. ಇವರು ಹೊರಟರು ಎಂಬ ವಿಷಯವನ್ನು ಸರ್ಕಾರಕ್ಕೆ ತಿಳಿಸುವುದು ವಿಮಾನ ಕಂಪನಿ. ಅದೂ 2015ರಿಂದ ಈಚೆಗೆ ಪೂರ್ತಿಯಾಗಿ ಜಾರಿಗೆ ಬಂದ ಪದ್ಧತಿ.

ಹೊರಗೆ ಹೋದವರ ಲೆಕ್ಕ ಇಡದಿದ್ದರೆ ಏನಾಗುತ್ತದೆ? ಅದಕ್ಕೆ ಬ್ರಿಟನ್ನಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ವರ್ಷಕ್ಕೆ ಹತ್ತಿರ ಹತ್ತಿರ 1 ಲಕ್ಷ ವಿದೇಶಿ ವಿದ್ಯಾರ್ಥಿಗಳು ಓದು ಮುಗಿದ ಮೇಲೂ ವಾಪಸ್ ಹೋಗುತ್ತಿಲ್ಲ ಎಂಬ ಮಾತು ಅಲ್ಲಿ ವರ್ಷಗಟ್ಟಲೆ ಓಡಾಡಿತು. ಪತ್ರಿಕೆಗಳು ಬರೆದವು, ರಾಜಕಾರಣಿಗಳು ವೇದಿಕೆ ಮೇಲೆ ಹೇಳಿದರು. ಕೊನೆಗೆ ನಿಜವಾದ ದಾಖಲೆ ತೆಗೆದು ನೋಡಿದಾಗ ಹೋಗಿದ್ದು ಖಚಿತವಾಗದವರು ಸಿಕ್ಕಿದ್ದು ಸುಮಾರು 4,600 ಜನ. ಈ ಎರಡು ಅಂಕಿಗಳ ನಡುವಿನ ಅಂತರ ಹೇಗೆ ಹುಟ್ಟಿತು, ಅದರ ಬೆಲೆ ಯಾರು ತೆತ್ತರು ಅನ್ನುವುದೇ ಈ ಪ್ರಕರಣ.

ಬಾಗಿಲು ತೆರೆದು ಬಿಟ್ಟ ವರ್ಷಗಳು

ಒಂದು ಕಾಲದಲ್ಲಿ ಬ್ರಿಟನ್ನಿನಲ್ಲೂ ಹೊರಹೋಗುವವರ ಪಾಸ್‌ಪೋರ್ಟ್ ತಪಾಸಣೆ ಇತ್ತು. ಕಾಗದದ ಕಾರ್ಡು ತುಂಬಿ ಕೊಡಬೇಕಿತ್ತು. 1994ರಲ್ಲಿ ಕನ್ಸರ್ವೇಟಿವ್ ಸರ್ಕಾರ ಯುರೋಪಿನ ಕಡೆ ಹೋಗುವವರ ವಿಷಯದಲ್ಲಿ ಇದನ್ನು ಕೈಬಿಟ್ಟಿತು. 1998ರಲ್ಲಿ ಲೇಬರ್ ಸರ್ಕಾರ ಉಳಿದದ್ದನ್ನೂ ನಿಲ್ಲಿಸಿತು. ಕಾರ್ಡುಗಳು ರಾಶಿ ಬೀಳುತ್ತಿದ್ದವು, ಸಿಬ್ಬಂದಿಯ ಸಮಯ ಹಾಳು, ಉಪಯೋಗ ಕಡಿಮೆ ಎಂಬುದು ವಾದ. ಒಳಗೆ ಬರುವವರನ್ನು ಚೆನ್ನಾಗಿ ನೋಡಿದರೆ ಸಾಕು ಎಂದು ಎರಡೂ ಪಕ್ಷಗಳು ನಂಬಿದ್ದವು.

ಕಾಗದದ ಪದ್ಧತಿ ಹಳೆಯದಾಗಿತ್ತು, ಅದು ನಿಜ. ಆದರೆ ಅದರ ಜಾಗಕ್ಕೆ ಇನ್ನೊಂದು ಬರಲಿಲ್ಲ. ಒಳಬಂದವರ ದಾಖಲೆ ಇದೆ, ಹೊರಹೋದವರ ದಾಖಲೆ ಇಲ್ಲ. ಹಾಗಾದರೆ ಈಗ ದೇಶದೊಳಗೆ ಯಾರು ಇದ್ದಾರೆ ಎಂದು ಹೇಳುವುದು ಹೇಗೆ?

ಇದರ ಅಪಾಯ 2005ರಲ್ಲಿ ಎಲ್ಲರಿಗೂ ಕಾಣಿಸಿತು. ಆ ವರ್ಷ ಜುಲೈ 21ರಂದು ಲಂಡನ್ನಿನಲ್ಲಿ ಬಾಂಬ್ ಸ್ಫೋಟಿಸುವ ಪ್ರಯತ್ನ ನಡೆದು ವಿಫಲವಾಯಿತು. ಆರೋಪಿಗಳಲ್ಲಿ ಒಬ್ಬನಾದ ಹುಸೇನ್ ಉಸ್ಮಾನ್ ಐದು ದಿನಗಳ ನಂತರ ವಾಟರ್‌ಲೂ ನಿಲ್ದಾಣದಲ್ಲಿ ಯೂರೋಸ್ಟಾರ್ ರೈಲು ಹತ್ತಿದ. ಇಡೀ ದೇಶದ ಪೊಲೀಸರು ಹುಡುಕುತ್ತಿರುವಾಗಲೇ ಪ್ಯಾರಿಸ್ ಸೇರಿ, ಅಲ್ಲಿಂದ ಇಟಲಿಗೆ ಹೋದ. ರೋಮ್‌ನಲ್ಲಿ ಸಿಕ್ಕಿಬಿದ್ದ.

ಇ-ಬಾರ್ಡರ್ಸ್: ದುಡ್ಡು ಹೋಯಿತು, ಲೆಕ್ಕ ಬರಲಿಲ್ಲ

ಅಷ್ಟರಲ್ಲಿ ಸರ್ಕಾರ 2003ರಲ್ಲೇ 'ಇ-ಬಾರ್ಡರ್ಸ್' ಎಂಬ ಯೋಜನೆ ಶುರುಮಾಡಿತ್ತು. ಪ್ರಯಾಣಿಕ ಹೊರಡುವ ಮೊದಲೇ ಅವನ ಪಾಸ್‌ಪೋರ್ಟ್ ವಿವರವನ್ನು ವಿಮಾನ, ಹಡಗು, ರೈಲು ಕಂಪನಿಗಳಿಂದ ಕಂಪ್ಯೂಟರಿನಲ್ಲಿ ತರಿಸಿಕೊಳ್ಳಬೇಕು, ಬಂದವರನ್ನೂ ಹೋದವರನ್ನೂ ತಾಳೆ ಹಾಕಬೇಕು ಎಂಬುದು ಯೋಚನೆ. ಯೋಚನೆಯಲ್ಲಿ ತಪ್ಪಿರಲಿಲ್ಲ. 2007ರ ನವೆಂಬರಿನಲ್ಲಿ ಅಮೆರಿಕದ ರೇಥಿಯಾನ್ ಕಂಪನಿಗೆ ಗುತ್ತಿಗೆ ಕೊಟ್ಟರು. ಕೆಲಸ ಹಿಂದೆ ಬಿದ್ದಿದೆ ಎಂದು 2010ರ ಜುಲೈನಲ್ಲಿ ಹೊಸ ಸರ್ಕಾರ ಗುತ್ತಿಗೆ ರದ್ದು ಮಾಡಿತು. ಕಂಪನಿ ನ್ಯಾಯ ಕೇಳಿತು. ವರ್ಷಗಳ ಜಗಳದ ನಂತರ 2015ರಲ್ಲಿ ಸರ್ಕಾರ 15 ಕೋಟಿ ಪೌಂಡ್ ಕೊಟ್ಟು ರಾಜಿ ಮಾಡಿಕೊಂಡಿತು. ಆ ವರ್ಷದ ಡಿಸೆಂಬರಿನಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಕೊಟ್ಟ ವರದಿ ಪ್ರಕಾರ, 2003ರಿಂದ 2015ರವರೆಗೆ ಈ ಯೋಜನೆಗೂ ಅದರ ಮುಂದುವರಿಕೆಗಳಿಗೂ ಖರ್ಚಾದದ್ದು ಕನಿಷ್ಠ 83 ಕೋಟಿ ಪೌಂಡ್.

ಅಂದರೆ 1998ರಿಂದ 2015ರವರೆಗೆ, ಹದಿನೇಳು ವರ್ಷ, ಬ್ರಿಟನ್ನಿನಿಂದ ಹೊರಹೋದವರ ಪೂರ್ತಿ ದಾಖಲೆ ಸರ್ಕಾರದ ಬಳಿ ಇರಲೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ಯಾಕೆಂದರೆ ಇದೇ ವರ್ಷಗಳಲ್ಲಿ ಅಲ್ಲಿನ ರಾಜಕೀಯ ವಲಸೆಯ ಅಂಕಿಯ ಮೇಲೆ ಕುದಿಯತೊಡಗಿತ್ತು.

ಕ್ಲಿಪ್‌ಬೋರ್ಡ್ ಹಿಡಿದು ನಿಂತವರ ಅಂಕಿ

ಹಾಗಾದರೆ ವಲಸೆಯ ಲೆಕ್ಕ ಎಲ್ಲಿಂದ ಬರುತ್ತಿತ್ತು? 'ಇಂಟರ್‌ನ್ಯಾಷನಲ್ ಪ್ಯಾಸೆಂಜರ್ ಸರ್ವೆ' ಎಂಬ ಸಮೀಕ್ಷೆಯಿಂದ. ಇದು 1961ರಲ್ಲಿ ಶುರುವಾದದ್ದು. ಮುಖ್ಯವಾಗಿ ಪ್ರವಾಸಿಗರ ಸಂಖ್ಯೆ ಮತ್ತು ಅವರ ಖರ್ಚು ತಿಳಿಯಲೆಂದು ಮಾಡಿದ್ದು. ವಿಮಾನ ನಿಲ್ದಾಣ, ಬಂದರುಗಳಲ್ಲಿ ಸಿಬ್ಬಂದಿ ನಿಂತು, ದಾಟಿ ಹೋಗುವವರಲ್ಲಿ ಇಷ್ಟಕ್ಕೊಬ್ಬರು ಎಂದು ಆರಿಸಿ ಮಾತನಾಡಿಸುತ್ತಿದ್ದರು. ಎಲ್ಲಿಂದ ಬಂದಿರಿ, ಎಷ್ಟು ದಿನ ಇರುತ್ತೀರಿ, ಯಾಕೆ ಬಂದಿರಿ? ಉತ್ತರ ಕೊಡುವುದು ಅವರವರ ಇಷ್ಟ.

ವರ್ಷಕ್ಕೆ 7ರಿಂದ 8 ಲಕ್ಷ ಜನರನ್ನು ಕೇಳುತ್ತಿದ್ದರು. ಕೇಳಲು ದೊಡ್ಡ ಸಂಖ್ಯೆ. ಆದರೆ ಅದರಲ್ಲಿ ಬಹುಪಾಲು ರಜೆಗೆ ಬಂದವರು, ವ್ಯಾಪಾರಕ್ಕೆ ಬಂದವರು. ನಿಜವಾಗಿ ವಲಸೆ ಬರುವವರು, ಹೋಗುವವರು ಎಂದು ಸಿಗುತ್ತಿದ್ದದ್ದು ಸುಮಾರು 5,000 ಜನ. ಅದರಲ್ಲಿ ಹೊರಹೋಗುವವರು ಒಂದು ಪಾಲು. ಆ ಪಾಲಿನಲ್ಲಿ 'ನಾನು ವಿದ್ಯಾರ್ಥಿಯಾಗಿ ಬಂದಿದ್ದೆ, ಈಗ ವಾಪಸ್ ಹೋಗುತ್ತಿದ್ದೇನೆ' ಎನ್ನುವವರು ಇನ್ನೂ ಸಣ್ಣ ಪಾಲು. ಇಷ್ಟು ಜನರ ಮಾತಿನಿಂದ ಇಡೀ ದೇಶದ ಅಂಕಿಯನ್ನು ಹಿಗ್ಗಿಸಿ ತೆಗೆಯುತ್ತಿದ್ದರು. 2013ರಲ್ಲಿ ಬ್ರಿಟಿಷ್ ಸಂಸತ್ತಿನ ಸಾರ್ವಜನಿಕ ಆಡಳಿತ ಸಮಿತಿಯೇ ಈ ಅಂಕಿಗಳು ಒಂದು ಊಹೆಗಿಂತ ಹೆಚ್ಚೇನಲ್ಲ ಎಂದು ಹೇಳಿತು.

ಆ ಮೇಲೆ ಪ್ರಶ್ನೆಯ ರೀತಿ. ದೀರ್ಘಕಾಲದ ವಲಸಿಗ ಎಂದರೆ ಕನಿಷ್ಠ 12 ತಿಂಗಳು ವಾಸದ ದೇಶ ಬದಲಿಸುವವನು ಎಂಬುದು ವ್ಯಾಖ್ಯೆ. ಬರುವಾಗ ವಿದ್ಯಾರ್ಥಿಗೆ ಉತ್ತರ ಸುಲಭ. ವೀಸಾ ಇದೆ, ಕೋರ್ಸ್ ಇದೆ, ಇಷ್ಟು ತಿಂಗಳು ಅಂತ ಗೊತ್ತಿದೆ. ಹೋಗುವಾಗ? ಮೈಸೂರಿನ ಒಬ್ಬ ಹುಡುಗಿ ಎಂಎಸ್‌ಸಿ ಮುಗಿಸಿ ಸೆಪ್ಟೆಂಬರಿನಲ್ಲಿ ಹೊರಟಿದ್ದಾಳೆ ಎಂದುಕೊಳ್ಳಿ. ಪದವಿ ಪ್ರದಾನ ಸಮಾರಂಭ ಇರುವುದು ಡಿಸೆಂಬರಿನಲ್ಲೋ ಜನವರಿಯಲ್ಲೋ, ಅದಕ್ಕೆ ಬರಬೇಕು ಅಂತ ಆಸೆ. ಎರಡು ಕಡೆ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ, ಒಂದು ಬೆಂಗಳೂರಿನಲ್ಲಿ, ಒಂದು ಲಂಡನ್ನಿನಲ್ಲಿ. 'ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬ್ರಿಟನ್ನಿನಿಂದ ಹೊರಗೆ ಇರುತ್ತೀರಾ?' ಎಂದು ಕೇಳಿದರೆ ಅವಳು ಏನು ಹೇಳಬೇಕು? 'ಗೊತ್ತಿಲ್ಲ, ನೋಡಬೇಕು' ಅನ್ನುತ್ತಾಳೆ. ಸಮೀಕ್ಷೆಯ ಲೆಕ್ಕದಲ್ಲಿ ಅವಳು ದೇಶ ಬಿಟ್ಟ ವಲಸಿಗರ ಪಟ್ಟಿಗೆ ಸೇರದೇ ಹೋಗಬಹುದು. ಮನೆಗೆ ಬಂದು ಅಮ್ಮನ ಕೈ ಊಟ ಮಾಡುತ್ತಿರುವ ಹುಡುಗಿ ಬ್ರಿಟನ್ನಿನ ಅಂಕಿಯಲ್ಲಿ ಇನ್ನೂ ಅಲ್ಲೇ ಇರುತ್ತಾಳೆ.

2012ಕ್ಕೆ ಮೊದಲು ಹೊರಹೋಗುವವರನ್ನು 'ನೀವು ಮೊದಲು ಯಾಕೆ ಬಂದಿದ್ದಿರಿ' ಎಂದು ಕೇಳುತ್ತಲೇ ಇರಲಿಲ್ಲ. ಆ ವರ್ಷದಿಂದ ಕೇಳತೊಡಗಿದರು. ಆಗ ವಿದ್ಯಾರ್ಥಿಗಳಾಗಿ ಬಂದವರೆಷ್ಟು, ಹೋದವರೆಷ್ಟು ಎಂದು ಅಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಯಿತು. ಬಂದವರ ಸಂಖ್ಯೆ ದೊಡ್ಡದು, ಹೋದವರ ಸಂಖ್ಯೆ ತೀರಾ ಸಣ್ಣದು. ವರ್ಷಕ್ಕೆ 1 ಲಕ್ಷದ ಹತ್ತಿರದ ವ್ಯತ್ಯಾಸ.

ಈ ವ್ಯತ್ಯಾಸದಲ್ಲಿ ಎಷ್ಟೋ ಜನ ಕಾನೂನುಬದ್ಧವಾಗಿಯೇ ಉಳಿದವರಿದ್ದರು. ವೀಸಾ ವಿಸ್ತರಿಸಿಕೊಂಡು ಪಿಎಚ್‌ಡಿ ಮಾಡುತ್ತಿದ್ದವರು, ಕೆಲಸದ ವೀಸಾಕ್ಕೆ ಬದಲಾದವರು, ಅಲ್ಲಿಯವರನ್ನೇ ಮದುವೆಯಾದವರು. ಇನ್ನು ಎಷ್ಟೋ ಜನ ಮೇಲಿನ ಹುಡುಗಿಯ ಹಾಗೆ ಆಗಲೇ ಮನೆ ಸೇರಿದ್ದವರು. ಆದರೆ ಓದುಗರಿಗೆ, ಮತದಾರರಿಗೆ ಮುಟ್ಟಿದ್ದು ಒಂದೇ ಅರ್ಥ: ಓದುವ ನೆಪದಲ್ಲಿ ಬಂದು ಮಾಯವಾಗುತ್ತಿದ್ದಾರೆ.

ಅಂಕಿಗೆ ರಾಜಕೀಯ ಸೇರಿದಾಗ

2010ರಲ್ಲಿ ಕನ್ಸರ್ವೇಟಿವ್ ನಾಯಕ, ಅದೇ ವರ್ಷ ಪ್ರಧಾನಿಯಾದ ಡೇವಿಡ್ ಕ್ಯಾಮರನ್ ಒಂದು ಭರವಸೆ ಕೊಟ್ಟಿದ್ದರು. ಬಂದವರಲ್ಲಿ ಹೋದವರನ್ನು ಕಳೆದು ಉಳಿಯುವ ನಿವ್ವಳ ವಲಸೆಯನ್ನು ಲಕ್ಷಗಳಿಂದ ಹತ್ತಾರು ಸಾವಿರಕ್ಕೆ ಇಳಿಸುತ್ತೇವೆ ಎಂದು. ಆ ಲೆಕ್ಕದಲ್ಲಿ ವಿದ್ಯಾರ್ಥಿಗಳೂ ಸೇರಿದ್ದರು. ಕಳೆಯುವ ಲೆಕ್ಕದಲ್ಲಿ ಒಂದು ಕಡೆಯ ಅಂಕಿ ಸರಿ ಇಲ್ಲದಿದ್ದರೆ ಉತ್ತರ ಸರಿ ಬರುವುದು ಹೇಗೆ? ಹೋದವರನ್ನು ಕಡಿಮೆ ಎಣಿಸಿದಷ್ಟೂ ನಿವ್ವಳ ವಲಸೆ ಜಾಸ್ತಿ ಕಾಣಿಸುತ್ತದೆ. 2015ರ ಜೂನ್‌ಗೆ ಮುಗಿದ ವರ್ಷದಲ್ಲಿ ಅದು 3,36,000 ಎಂದು ಪ್ರಕಟವಾಯಿತು. ಸರ್ಕಾರದ ಮೇಲೆ ಒತ್ತಡ ಏರಿತು.

ಒತ್ತಡ ಹೋಗಿ ಬಿದ್ದದ್ದು ವಿದ್ಯಾರ್ಥಿಗಳ ಮೇಲೆ. ಓದು ಮುಗಿದ ಮೇಲೆ ಎರಡು ವರ್ಷ ಇದ್ದು ಕೆಲಸ ಮಾಡಲು ಅವಕಾಶ ಕೊಡುತ್ತಿದ್ದ ವೀಸಾವನ್ನು 2012ರ ಏಪ್ರಿಲ್‌ನಲ್ಲಿ ಮುಚ್ಚಲಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಲಂಡನ್ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿ ಪರವಾನಗಿ ಹಿಂದೆಗೆದುಕೊಂಡರು. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಕೋರ್ಸಿನ ನಡುವೆ ದಿಕ್ಕು ತೋಚದೆ ನಿಂತರು. 2015ರ ಅಕ್ಟೋಬರಿನಲ್ಲಿ ಆಗಿನ ಗೃಹ ಸಚಿವೆ ಥೆರೇಸಾ ಮೇ ತಮ್ಮ ಪಕ್ಷದ ಸಮ್ಮೇಳನದಲ್ಲಿ, ವೀಸಾ ಮುಗಿದರೂ ಹೋಗದ ವಿದ್ಯಾರ್ಥಿಗಳು ತುಂಬಾ ಇದ್ದಾರೆ, ವಿಶ್ವವಿದ್ಯಾಲಯಗಳು ಏನೇ ಹೇಳಲಿ ನಿಯಮ ಜಾರಿಯಾಗಲೇಬೇಕು ಎಂದರು.

ಇದಕ್ಕೆಲ್ಲ ಈ ಸಮೀಕ್ಷೆಯ ಅಂಕಿಯೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ನಕಲಿ ಕಾಲೇಜುಗಳು ನಿಜವಾಗಿಯೂ ಇದ್ದವು. ಹೆಸರಿಗೊಂದು ಕೋಣೆ ಬಾಡಿಗೆ ಹಿಡಿದು ವೀಸಾ ಮಾರುತ್ತಿದ್ದವರು ಇದ್ದರು, ಅವರನ್ನು ಮುಚ್ಚಿಸಬೇಕಾಗಿತ್ತು. ಓದಿದ ಮೇಲಿನ ವೀಸಾ ಮುಚ್ಚುವ ತೀರ್ಮಾನವೂ ಆ ಹೊಸ ಪ್ರಶ್ನೆಯ ಫಲಿತಾಂಶ ಬರುವ ಮೊದಲೇ ಆಗಿತ್ತು. ಆದರೆ ನಂತರದ ವರ್ಷಗಳಲ್ಲಿ ಯಾರಾದರೂ 'ಇಷ್ಟು ಬಿಗಿ ಬೇಕಾ?' ಎಂದು ಕೇಳಿದಾಗಲೆಲ್ಲ ಆ 1 ಲಕ್ಷದ ಅಂಕಿ ಉತ್ತರವಾಗಿ ಬಂತು. ಪುರಾವೆ ಇಲ್ಲದ ಅನುಮಾನಕ್ಕೆ ಅದು ಸರ್ಕಾರಿ ಅಂಕಿಯ ಬಟ್ಟೆ ತೊಡಿಸಿತು.

ಭಾರತದ ಮೇಲೆ ಪರಿಣಾಮ ಅಂಕಿಯಲ್ಲೇ ಕಾಣುತ್ತದೆ. 2010-11ರಲ್ಲಿ ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಸುಮಾರು 39 ಸಾವಿರ ಭಾರತೀಯರು ಓದುತ್ತಿದ್ದರು. 2015-16ಕ್ಕೆ ಅದು 17 ಸಾವಿರದ ಆಸುಪಾಸಿಗೆ ಇಳಿಯಿತು. ಅರ್ಧಕ್ಕಿಂತ ಕಡಿಮೆ. ನಮ್ಮ ಕಡೆ ಮಕ್ಕಳನ್ನು ವಿದೇಶಕ್ಕೆ ಕಳಿಸುವ ಮನೆಗಳು ಶಿಕ್ಷಣ ಸಾಲ ಮಾಡುತ್ತವೆ, ಕೆಲವರು ಸೈಟು, ಜಮೀನು ಅಡವಿಡುತ್ತಾರೆ. ಒಂದೆರಡು ವರ್ಷ ಅಲ್ಲಿ ದುಡಿದು ಸಾಲದ ಒಂದು ಪಾಲು ತೀರಿಸಬಹುದು ಎಂಬ ಲೆಕ್ಕಾಚಾರ ಇರುತ್ತದೆ. ಆ ದಾರಿ ಮುಚ್ಚಿದಾಗ ಅನುಕೂಲವಿದ್ದವರು ಕೆನಡಾ, ಆಸ್ಟ್ರೇಲಿಯಾ ಕಡೆ ತಿರುಗಿದರು. ಇಲ್ಲದವರು ಆಸೆಯನ್ನೇ ಬಿಟ್ಟರು.

2015ರ ಏಪ್ರಿಲ್ 8

ಆ ದಿನದಿಂದ ಬ್ರಿಟನ್ ಮತ್ತೆ ಹೊರಹೋಗುವವರ ತಪಾಸಣೆ ಶುರುಮಾಡಿತು. ಹಳೆಯ ಕೌಂಟರ್ ವಾಪಸ್ ಬರಲಿಲ್ಲ. ಕೆಲಸವನ್ನು ಪ್ರಯಾಣಿಕರನ್ನು ಒಯ್ಯುವ ಕಂಪನಿಗಳಿಗೆ ವಹಿಸಿದರು. ವಿಮಾನ ಕಂಪನಿ ಚೆಕ್‌ಇನ್ ಹೊತ್ತಿನಲ್ಲಿ ತೆಗೆದುಕೊಳ್ಳುವ ಹೆಸರು, ಹುಟ್ಟಿದ ದಿನ, ಪೌರತ್ವ, ಪಾಸ್‌ಪೋರ್ಟ್ ಸಂಖ್ಯೆ ಸರ್ಕಾರಕ್ಕೆ ಹೋಗುತ್ತವೆ. ಡೋವರ್ ಬಂದರಿನಲ್ಲಿ ಹಡಗು ಕಂಪನಿಯವರು, ಫ್ರಾನ್ಸಿಗೆ ಹೋಗುವ ಸಮುದ್ರದಡಿಯ ರೈಲು ಸುರಂಗದ ಬಳಿ ಯೂರೋಟನೆಲ್ ಕಂಪನಿಯ ಸಿಬ್ಬಂದಿ ಕಾರಿನಲ್ಲಿ ಕೂತವರ ಪಾಸ್‌ಪೋರ್ಟನ್ನು ಸ್ಕ್ಯಾನ್ ಮಾಡುತ್ತಾರೆ. ಕಾರುಗಳ ಸಾಲು ಬೆಳೆದೀತು ಎಂಬ ಭಯಕ್ಕೆ ಮೊದಲ ಕೆಲವು ವಾರ ಒಂದು ಪಾಲು ವಾಹನಗಳನ್ನು ಮಾತ್ರ ನೋಡಿದರು, ಆಮೇಲೆ ಹೆಚ್ಚಿಸಿದರು.

ಬಂದ ವಿವರವನ್ನು ಗೃಹ ಇಲಾಖೆಯ ಕಂಪ್ಯೂಟರ್ ವೀಸಾ ದಾಖಲೆಯ ಜೊತೆ ತಾಳೆ ನೋಡುತ್ತದೆ. ಇವರಿಗೆ ಯಾವ ವೀಸಾ ಇತ್ತು, ಯಾವಾಗ ಮುಗಿಯಿತು, ಅಷ್ಟರೊಳಗೆ ಹೊರಟರಾ?

ಒಂದು ವರ್ಷದಲ್ಲೇ ಉತ್ತರದ ಸುಳಿವು ಸಿಕ್ಕಿತ್ತು. ವೀಸಾ ಮೀರಿ ಉಳಿಯುವ ವಿದ್ಯಾರ್ಥಿಗಳು ಸುಮಾರು ಶೇ 1 ಮಾತ್ರ ಎಂದು ಸರ್ಕಾರದ ಒಳಗಿನ ಅಧ್ಯಯನವೊಂದು ಹೇಳುತ್ತಿದೆ ಎಂದು 2016ರ ಅಕ್ಟೋಬರಿನಲ್ಲಿ 'ದಿ ಟೈಮ್ಸ್' ಪತ್ರಿಕೆ ವರದಿ ಮಾಡಿತು. ಅಧಿಕೃತ ಪ್ರಕಟಣೆಗೆ ಇನ್ನೂ ಹತ್ತು ತಿಂಗಳು ಕಾಯಬೇಕಾಯಿತು. 2017ರ ಜುಲೈನಲ್ಲಿ ಅಂಕಿಅಂಶಗಳ ಮೇಲ್ವಿಚಾರಣಾ ಸಂಸ್ಥೆ ವಿದ್ಯಾರ್ಥಿ ವಲಸೆಯ ಹಳೆಯ ಅಂಕಿ ಜನರನ್ನು ದಾರಿ ತಪ್ಪಿಸಬಹುದು, ಅದನ್ನು ಪ್ರಾಯೋಗಿಕ ಎಂದು ಗುರುತಿಸಿ ಎಂದಿತು.

2017ರ ಆಗಸ್ಟ್ 24ರಂದು ಗೃಹ ಇಲಾಖೆ ಮೊದಲ ಬಾರಿಗೆ ಅಂಕಿ ಬಿಡುಗಡೆ ಮಾಡಿತು. ತಪಾಸಣೆ ಶುರುವಾದ ಮೇಲಿನ ಒಂದು ವರ್ಷದಲ್ಲಿ ವೀಸಾ ಮುಗಿದ, ವಿಸ್ತರಣೆ ಪಡೆಯದ ಯುರೋಪಿನಾಚೆಯ ವಿದ್ಯಾರ್ಥಿಗಳು ಸುಮಾರು 1.81 ಲಕ್ಷ. ಅವರಲ್ಲಿ ಶೇ 97.4ರಷ್ಟು ಜನ ಸಮಯಕ್ಕೆ ಸರಿಯಾಗಿ ದೇಶ ಬಿಟ್ಟಿದ್ದರು. ಸಮಯದೊಳಗೆ ಹೋದದ್ದು ದಾಖಲೆಯಲ್ಲಿ ಕಾಣದವರು ಸುಮಾರು 4,600. ಅದೇ ದಿನ ರಾಷ್ಟ್ರೀಯ ಅಂಕಿಅಂಶ ಕಚೇರಿಯೂ ವಿದ್ಯಾರ್ಥಿಗಳು ದೊಡ್ಡ ಪ್ರಮಾಣದಲ್ಲಿ ವೀಸಾ ಮೀರುತ್ತಿದ್ದಾರೆ ಎನ್ನಲು ಪುರಾವೆ ಇಲ್ಲ ಎಂದು ಒಪ್ಪಿಕೊಂಡಿತು.

ನಿಯಮ ಪಾಲಿಸಿ, ಸಮಯಕ್ಕೆ ಟಿಕೆಟ್ ತೆಗೆದು, ಮನೆಗೆ ವಾಪಸಾದ ಲಕ್ಷಾಂತರ ಮಕ್ಕಳ ಮೇಲೆ ಅಷ್ಟು ವರ್ಷ ಕಳ್ಳರ ಅನುಮಾನ ಕೂತಿತ್ತು. ನನಗೆ ಈ ಪ್ರಕರಣದಲ್ಲಿ ಅತಿ ನೋವಿನ ಭಾಗ ಇದು. ಅವರು ಮಾಡಿದ ತಪ್ಪು ಏನೂ ಇರಲಿಲ್ಲ. ಅವರು ಹೊರಟದ್ದನ್ನು ನೋಡಲು ಬಾಗಿಲಲ್ಲಿ ಯಾರೂ ಇರಲಿಲ್ಲ, ಅಷ್ಟೇ.

ಹೊಸ ಲೆಕ್ಕದ ಹೊಸ ತೂತುಗಳು

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತು ಎನ್ನುವಂತಿಲ್ಲ. 2018ರ ಮಾರ್ಚ್‌ನಲ್ಲಿ ಗಡಿ ಮತ್ತು ವಲಸೆಯ ಸ್ವತಂತ್ರ ಮುಖ್ಯ ಪರಿವೀಕ್ಷಕ ಡೇವಿಡ್ ಬೋಲ್ಟ್ ಅವರ ವರದಿ ಬಂತು. ತಪಾಸಣೆಯ ಮೊದಲ ಎರಡು ವರ್ಷಗಳಲ್ಲಿ ದೇಶದಲ್ಲಿ ಇರುವ ಅವಧಿ ಮುಗಿದಿದ್ದು, ಹೊರಟದ್ದಕ್ಕೂ ವಿಸ್ತರಣೆ ಪಡೆದದ್ದಕ್ಕೂ ದಾಖಲೆ ಸಿಗದವರು 6 ಲಕ್ಷಕ್ಕೂ ಹೆಚ್ಚು ಎಂದು ಅದು ಹೇಳಿತು. ಇದರಲ್ಲಿ ವಿದ್ಯಾರ್ಥಿಗಳಷ್ಟೇ ಅಲ್ಲ, ಪ್ರವಾಸಿಗರು, ಕೆಲಸಗಾರರು, ವೀಸಾ ಬೇಕಿಲ್ಲದ ದೇಶಗಳವರು ಎಲ್ಲರೂ ಸೇರಿದ್ದರು. ಹೊರಹೋಗುವ ತಪಾಸಣೆಯ ಬಗ್ಗೆ ಇಲಾಖೆ ಇರುವುದಕ್ಕಿಂತ ಹೆಚ್ಚು ಭರವಸೆ ಹುಟ್ಟಿಸಿದೆ ಎಂಬುದು ಪರಿವೀಕ್ಷಕರ ದೂರು.

ಪತ್ರಿಕೆಗಳಲ್ಲಿ ಮತ್ತೆ ಅದೇ ರೀತಿಯ ತಲೆಬರಹ. ಸಿಗದ ದಾಖಲೆ ಎಂದರೆ ಸಿಗದ ಮನುಷ್ಯ ಎಂದೇ ಓದಿಕೊಂಡರು. ಇದರಲ್ಲಿ ಬಹಳಷ್ಟು ಜನ ಹೋಗಿರಬಹುದು ಎಂದು ಇಲಾಖೆ ಹೇಳಿತು.

ಹೋದವರು ದಾಖಲೆಯಲ್ಲಿ ಯಾಕೆ ಸಿಗುವುದಿಲ್ಲ? ಕಾರಣಗಳು ತೀರಾ ಸಾಮಾನ್ಯವಾದವು. ಬ್ರಿಟನ್ ಮತ್ತು ಐರ್ಲೆಂಡ್ ನಡುವೆ ಮುಕ್ತ ಓಡಾಟದ ಒಪ್ಪಂದವಿದೆ. ಅಲ್ಲಿ ಹೊರಹೋಗುವ ತಪಾಸಣೆ ಇಲ್ಲ. ಬೆಲ್‌ಫಾಸ್ಟ್‌ನಿಂದ ಡಬ್ಲಿನ್‌ಗೆ ರಸ್ತೆಯಲ್ಲಿ ಹೋಗಿ ಅಲ್ಲಿಂದ ವಿಮಾನ ಹತ್ತಿದರೆ ಬ್ರಿಟನ್ನಿಗೆ ಗೊತ್ತಾಗುವುದಿಲ್ಲ. ಎರಡು ದೇಶಗಳ ಪೌರತ್ವ ಇದ್ದವರು ಒಂದು ಪಾಸ್‌ಪೋರ್ಟಿನಲ್ಲಿ ಬಂದು ಇನ್ನೊಂದರಲ್ಲಿ ಹೋಗಬಹುದು. ನಡುವೆ ಪಾಸ್‌ಪೋರ್ಟ್ ನವೀಕರಿಸಿದರೆ ಸಂಖ್ಯೆ ಬದಲಾಗುತ್ತದೆ. ಹಳೆಯ ಸಂಖ್ಯೆಯಲ್ಲಿ ಬಂದ ವ್ಯಕ್ತಿ, ಹೊಸ ಸಂಖ್ಯೆಯಲ್ಲಿ ಹೋದ ವ್ಯಕ್ತಿ ಒಬ್ಬರೇ ಎಂದು ಕಂಪ್ಯೂಟರಿಗೆ ತಿಳಿಯಬೇಕು.

ನಮ್ಮವರ ಹೆಸರುಗಳ ವಿಷಯ ಬೇರೆಯೇ ಇದೆ. ಪಶ್ಚಿಮದ ಕಂಪ್ಯೂಟರುಗಳು ಎಲ್ಲರಿಗೂ ಒಂದು ಮೊದಲ ಹೆಸರು, ಒಂದು ಮನೆತನದ ಹೆಸರು ಇರುತ್ತದೆ ಎಂದು ನಂಬಿ ಮಾಡಿದವು. ಕರ್ನಾಟಕದಲ್ಲಿ ಹಾಗಿಲ್ಲ ಅಲ್ವಾ? ಒಬ್ಬರಿಗೆ ಅಪ್ಪನ ಹೆಸರಿನ ಇನಿಷಿಯಲ್, ಇನ್ನೊಬ್ಬರಿಗೆ ಊರಿನ ಇನಿಷಿಯಲ್, ಮತ್ತೊಬ್ಬರಿಗೆ ಒಂದೇ ಹೆಸರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವ ಕನ್ನಡಿಗರು ಬಹಳ ಜನ. ಟಿಕೆಟ್ ಬುಕ್ ಮಾಡುವಾಗ ಖಾಲಿ ಬಿಡಲು ಆಗುವುದಿಲ್ಲ. ಹಾಗಾಗಿ ಒಂದು ಕಂಪನಿಯಲ್ಲಿ ಅದೇ ಹೆಸರನ್ನು ಎರಡು ಸಲ ಬರೆಯುತ್ತೇವೆ. ಇನ್ನೊಂದರಲ್ಲಿ ಇನಿಷಿಯಲ್ ಬಿಡಿಸಿ ಪೂರ್ತಿ ಹಾಕುತ್ತೇವೆ. ಪಾಸ್‌ಪೋರ್ಟನ್ನು ಯಂತ್ರದಲ್ಲಿ ಓದಿಸಿದರೆ ಸಮಸ್ಯೆ ಕಡಿಮೆ. ಕೈಯಲ್ಲಿ ಟೈಪ್ ಮಾಡಿದ ವಿವರವೇ ಮುಂದೆ ಹೋದರೆ ತಾಳೆ ತಪ್ಪುವ ಸಾಧ್ಯತೆ ಜಾಸ್ತಿ.

ಹಾಗಂತ ಹೊರಹೋಗುವ ಬಾಗಿಲಲ್ಲಿ ಅಧಿಕಾರಿ ಕೂತ ಮಾತ್ರಕ್ಕೆ ಎಲ್ಲ ಸರಿಯಾಗುತ್ತದೆ ಎಂದೂ ಇಲ್ಲ. ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದ ವಿಜಯ್ ಮಲ್ಯ 2016ರ ಮಾರ್ಚ್ 2ರಂದು ದೆಹಲಿಯಿಂದ ಲಂಡನ್ನಿಗೆ ಹೊರಟರು. ಅವರ ಹೆಸರಿನಲ್ಲಿ ಸಿಬಿಐ ಹೊರಡಿಸಿದ್ದ ಲುಕ್‌ಔಟ್ ಸುತ್ತೋಲೆ ಇತ್ತು. ಮೊದಲು ಅದರಲ್ಲಿ 'ತಡೆಯಿರಿ' ಎಂದಿತ್ತು. ಆಮೇಲೆ 'ಹೊರಟರೆ ತಿಳಿಸಿ' ಎಂದು ಬದಲಾಗಿತ್ತು. ದಾಖಲೆ ಇಡುವುದು ಒಂದು ಕೆಲಸ, ಅದರ ಮೇಲೆ ಏನು ಮಾಡಬೇಕು ಎಂದು ತೀರ್ಮಾನಿಸುವುದು ಇನ್ನೊಂದು.

ಬೇರೆ ಕಡೆ

ಬೇರೆ ದೇಶಗಳೂ ಇದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಹುಡುಕಿವೆ. ಕೆನಡಾ ಮತ್ತು ಅಮೆರಿಕ ನಡುವಿನ ಉಪಾಯ ನನಗೆ ಇಷ್ಟ. ಭೂಗಡಿಯಲ್ಲಿ ಒಂದು ದೇಶದ ಒಳಪ್ರವೇಶದ ದಾಖಲೆಯೇ ಇನ್ನೊಂದು ದೇಶಕ್ಕೆ ಹೊರಹೋದ ದಾಖಲೆ. ಕೆನಡಾಕ್ಕೆ ಕಾಲಿಟ್ಟರೆ ಅಮೆರಿಕ ಬಿಟ್ಟಿರಿ ಎಂದೇ ಅರ್ಥ. ಹೊಸ ಕೌಂಟರ್ ಬೇಡ, ಹೊಸ ಸಾಲು ಬೇಡ. ಮೆಕ್ಸಿಕೊ ಕಡೆಯ ಗಡಿಯಲ್ಲಿ ಅಂಥ ವ್ಯವಸ್ಥೆ ಇಲ್ಲದ್ದರಿಂದ ಅಲ್ಲಿ ಅಮೆರಿಕದ ಲೆಕ್ಕ ಇವತ್ತಿಗೂ ಅರೆಬರೆ. ಯುರೋಪಿನ ಶೆಂಗೆನ್ ದೇಶಗಳು 2025ರ ಅಕ್ಟೋಬರ್ 12ರಿಂದ ಸೀಲಿನ ಬದಲು ಬೆರಳಚ್ಚು, ಮುಖದ ಚಿತ್ರ ಇರುವ ಕಂಪ್ಯೂಟರ್ ದಾಖಲೆಗೆ ಹೋಗಲು ಶುರುಮಾಡಿವೆ.

ಈ ಅಂಕಿಗಳು ಕಾಗದದಲ್ಲೇ ಉಳಿಯುವುದಿಲ್ಲ. 2025ರ ಜೂನ್‌ನಲ್ಲಿ ಅಮೆರಿಕ ಹಲವು ದೇಶಗಳವರ ಪ್ರವೇಶ ನಿರ್ಬಂಧಿಸಿದಾಗ ಕೊಟ್ಟ ಕಾರಣಗಳಲ್ಲಿ ಒಂದು, ಆ ದೇಶಗಳವರು ವೀಸಾ ಮೀರಿ ಉಳಿಯುವ ಶೇಕಡಾವಾರು ಅಂಕಿ. ಒಂದು ದೇಶದ ಪ್ರತಿಯೊಬ್ಬ ಪ್ರಜೆಗೂ ಬಾಗಿಲು ಮುಚ್ಚಬಲ್ಲ ಅಂಕಿ ಎಷ್ಟು ಸರಿ ಇರಬೇಕು ಎಂದು ಬ್ರಿಟನ್ನಿನ ಪ್ರಕರಣ ಗೊತ್ತಿದ್ದವರು ಕೇಳಲೇಬೇಕು.

ಈಗ

ಬ್ರಿಟನ್ನಿನಲ್ಲಿ 2017ರ ನಂತರ ಗಾಳಿ ಬದಲಾಯಿತು. ಆ ಅಂಕಿ ಬಿಡುಗಡೆಯಾದ ದಿನವೇ ಗೃಹ ಸಚಿವೆ ಆಂಬರ್ ರಡ್ ವಿದೇಶಿ ವಿದ್ಯಾರ್ಥಿಗಳಿಂದ ದೇಶಕ್ಕೆ ಏನು ಲಾಭ, ಏನು ಹೊರೆ ಎಂದು ತಿಳಿಸಲು ವಲಸೆ ಸಲಹಾ ಸಮಿತಿಗೆ ಹೇಳಿದರು. 2019ರಲ್ಲಿ ಓದಿದ ಮೇಲೆ ಎರಡು ವರ್ಷ ಇರಬಹುದಾದ ಅವಕಾಶ ಮತ್ತೆ ಘೋಷಣೆಯಾಯಿತು. 2021ರ ಜುಲೈ 1ರಿಂದ 'ಗ್ರಾಜುಯೇಟ್ ರೂಟ್' ಎಂಬ ಹೆಸರಿನಲ್ಲಿ ಜಾರಿಗೆ ಬಂತು. 2022-23ರಲ್ಲಿ ಅಲ್ಲಿ ಓದುತ್ತಿದ್ದ ಭಾರತೀಯರ ಸಂಖ್ಯೆ 1.73 ಲಕ್ಷ ಮುಟ್ಟಿ, ಚೀನಾವನ್ನೂ ಮೀರಿಸಿತು. ವಲಸೆಯ ಅಂಕಿಗೆ ಆ ಹಳೆಯ ಸಮೀಕ್ಷೆಯನ್ನು 2020ರಲ್ಲಿ ಕೈಬಿಟ್ಟರು. ಕೋವಿಡ್ ಬಂದು ಅದು ಹೇಗೂ ನಿಂತುಹೋಗಿತ್ತು.

ಆದರೆ ಅದೇ 2020ರ ನಂತರ ಗೃಹ ಇಲಾಖೆ ಹೊರಹೋದವರ ಅಂಕಿಯ ವಾರ್ಷಿಕ ವರದಿಯನ್ನೂ ಪ್ರಕಟಿಸುವುದು ನಿಲ್ಲಿಸಿತು. 2025ರ ಜುಲೈನಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಕೌಶಲದ ಕೆಲಸಕ್ಕೆ ಬಂದವರು ವೀಸಾ ಮುಗಿದ ಮೇಲೆ ಹೋದರೋ ಇಲ್ಲವೋ ಎಂದು ಇಲಾಖೆ 2020ರಿಂದ ನೋಡಿಯೇ ಇಲ್ಲ ಎಂದು ಟೀಕಿಸಿತು. ದಾಖಲೆ ಬರುತ್ತಿದೆ, ಅದನ್ನು ಓದುವವರಿಲ್ಲ. ಅಷ್ಟರಲ್ಲಿ ವಲಸೆಯ ಮೇಲಿನ ಕೋಪ ಮತ್ತೆ ಏರಿದೆ. ಗ್ರಾಜುಯೇಟ್ ರೂಟನ್ನು 2027ರಿಂದ ಹೆಚ್ಚಿನವರಿಗೆ 18 ತಿಂಗಳಿಗೆ ಇಳಿಸಲು ತೀರ್ಮಾನವಾಗಿದೆ. 2015ಕ್ಕೆ ಮೊದಲಿನ ಸ್ಥಿತಿಗೆ ಇದು ಎಷ್ಟು ಹತ್ತಿರ ಬಂದಿದೆ ಎಂದು ಯೋಚಿಸಿದರೆ ನನಗೆ ಆತಂಕವಾಗುತ್ತದೆ. ಇಲಾಖೆ ಪ್ರತಿ ವರ್ಷ ಈ ಅಂಕಿಯನ್ನು ಪ್ರಕಟಿಸಬೇಕು, ಎಷ್ಟು ದಾಖಲೆ ತಾಳೆಯಾಗಲಿಲ್ಲ ಎಂಬುದನ್ನೂ ಪಕ್ಕದಲ್ಲೇ ಬರೆಯಬೇಕು. ಅಲ್ಲಿನ ವಿದ್ಯಾರ್ಥಿ ಸಂಘಟನೆಗಳೂ ನಮ್ಮ ಹೈಕಮಿಷನ್ನೂ ಇದನ್ನು ಕೇಳಬೇಕಾದ ಕಾಲ ಇದು.

ಅಲ್ಲಿಯವರೆಗೆ, ಅಲ್ಲಿ ಓದಿ ವಾಪಸ್ ಬರುವ ನಮ್ಮ ಮಕ್ಕಳು ಒಂದಿಷ್ಟು ಕಾಗದ ಜೋಪಾನ ಮಾಡುವುದು ಒಳ್ಳೆಯದು. ಬ್ರಿಟನ್ ಬಿಟ್ಟಿದ್ದಕ್ಕೆ ಅಲ್ಲಿಯ ಸೀಲ್ ಇರುವುದಿಲ್ಲವಾದ್ದರಿಂದ, ಬೆಂಗಳೂರಿನಲ್ಲಿ ಇಳಿದಾಗ ಬೀಳುವ ಭಾರತದ ಸೀಲೇ ದೊಡ್ಡ ಪುರಾವೆ. ಆ ಪುಟದ ಫೋಟೋ ತೆಗೆದಿಡಿ. ಬೋರ್ಡಿಂಗ್ ಪಾಸ್ ಮತ್ತು ಟಿಕೆಟ್‌ನ ಇಮೇಲ್ ಅಳಿಸಬೇಡಿ. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇದೆಯಾ ನೋಡಿ. ಅಲ್ಲಿರುವಾಗ ಪಾಸ್‌ಪೋರ್ಟ್ ನವೀಕರಿಸಿದರೆ ಹೊಸ ಸಂಖ್ಯೆಯನ್ನು ನಿಮ್ಮ ಇ-ವೀಸಾ ಖಾತೆಗೆ ಸೇರಿಸಿ, ಹಳೆಯ ಪಾಸ್‌ಪೋರ್ಟನ್ನು ಎಸೆಯಬೇಡಿ. ಮುಂದೆ ಯಾವುದೇ ದೇಶದ ವೀಸಾ ಅರ್ಜಿಯಲ್ಲಿ 'ಹಿಂದೆ ಎಲ್ಲಾದರೂ ಅವಧಿ ಮೀರಿ ಉಳಿದಿದ್ದೀರಾ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ನಿಮ್ಮ ಉತ್ತರದ ಜೊತೆ ಇಡಲು ಇವು ಬೇಕಾಗುತ್ತವೆ.